ಗುರುಮೂರ್ತಿಯವರ ಮುಕ್ಕಾಲು ಗಂಟೆ

ಗುರುಮೂರ್ತಿಯವರಿಗೆ ಈ ದೇಶದ ಮೇಲೆ ಇದ್ದದ್ದು ಒಂದೇ ದೂರು. ಇಲ್ಲಿ ಎಲ್ಲವೂ ಮುಕ್ಕಾಲು ಗಂಟೆ ತಡ. ಕಡೂರಿಗೆ ಹೋಗುವ ಎಂಟರ ಬಸ್ಸು ಚೌಳಹಿರಿಯೂರಿಗೆ ಎಂಟೂಮುಕ್ಕಾಲಿಗೆ ಬರುತ್ತಿತ್ತು. ತೋಟದ ಪಂಪಿಗೆ ಆರಕ್ಕೆ ಬರಬೇಕಾದ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಆರೂಮುಕ್ಕಾಲಿಗೆ. ಟಿವಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳಂತೂ "ಈಗ ಸಮಯ ಏಳು ಗಂಟೆ" ಎಂದು ಏಳೂಮುಕ್ಕಾಲಿಗೆ ನಗುನಗುತ್ತಾ ಹೇಳುತ್ತಿದ್ದಳು, ಒಂದಿಷ್ಟೂ ನಾಚಿಕೆಯಿಲ್ಲದೆ. "ಇಂಥ ಸರ್ಕಾರ ಇಟ್ಕೊಂಡು ನಾನೊಬ್ಬ ಹೊತ್ತಿಗೆ ಸರಿಯಾಗಿ ಹೋಗಿ ಏನು ಮಾಡ್ಲಿ?" ಎನ್ನುವುದು ಅವರ ವಾದ. ಆ ವಾದದ ಬಲದ ಮೇಲೆ ಅವರು ಇಪ್ಪತ್ತೈದು ವರ್ಷದಿಂದ ಎಲ್ಲ ಕಡೆಗೂ ತಡವಾಗಿಯೇ ಹೋಗುತ್ತಿದ್ದರು.

(ಓದುಗರಿಗೆ ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ, ಗುರುಮೂರ್ತಿಯವರ ಕಿವಿಗೆ ಮಾತ್ರ ಹಾಕಬೇಡಿ. ಮದುವೆಯಾದ ಮೊದಲ ವರ್ಷದಲ್ಲೇ ಗಂಡನ ದೆಸೆಯಿಂದ ಮೂರು ಮದುವೆ, ಒಂದು ಗೃಹಪ್ರವೇಶ ಮತ್ತು ಸ್ವಂತ ತಂಗಿಯ ಸೀಮಂತ ತಪ್ಪಿಸಿಕೊಂಡ ಕೋಮಲಾ, ಒಂದು ಮಧ್ಯಾಹ್ನ ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಮುಕ್ಕಾಲು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಆಮೇಲೆ ಗುರುಮೂರ್ತಿಯವರು ಕೀಪ್ಯಾಡ್ ಫೋನು ಕೊಂಡಾಗ ಮಗಳು ಸ್ಪೂರ್ತಿ ಅದನ್ನೂ ಗೋಡೆ ಗಡಿಯಾರಕ್ಕೆ ಸರಿಹೊಂದಿಸಿದಳು. ಸುದ್ದಿ ಊರಿಗೆಲ್ಲ ಗೊತ್ತು. ಈಗ ಗಂಟೆ ಎಷ್ಟು ಎಂದು ಕೇಳಿದರೆ ಊರಿನವರು ಗುರುಮೂರ್ತಿಯವರಿಗೆ ಮಾತ್ರ ಮುಕ್ಕಾಲು ಸೇರಿಸಿ ಹೇಳುತ್ತಿದ್ದರು. ಇಷ್ಟಾದರೂ ಯಜಮಾನರು ತಡವಾಗಿಯೇ ಹೋಗುತ್ತಿದ್ದರು ಎನ್ನುವುದು ಅವರ ಸಾಮರ್ಥ್ಯ.)

ಈ ಸಾಮರ್ಥ್ಯ ಒಂದು ದಿನ ಮನೆಯ ಬುಡಕ್ಕೇ ಬಂತು. ಸ್ಪೂರ್ತಿಯನ್ನು ನೋಡಲು ಅಮೃತಾಪುರದಿಂದ ಹುಡುಗನ ಕಡೆಯವರು ಬಂದಿದ್ದರು. ಹುಡುಗ ಶಿವಕುಮಾರ್, ತರೀಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟವನು, ಮಾತು ಕಡಿಮೆ, ಮುಖ ಚೆನ್ನ. ಜೊತೆಗೆ ಅವನ ಅಜ್ಜಿ ಕೆಂಚಮ್ಮ. ಆ ಮನೆಯಲ್ಲಿ ಕೆಂಚಮ್ಮ ಕೆಮ್ಮಿದರೆ ಹಾಲು ಉಕ್ಕುವುದೂ ನಿಲ್ಲುತ್ತದೆ ಎಂದು ಹೆಸರು. ಬರುವವರಿಗೆ ಎಳನೀರು ಕೆಡವಿಕೊಂಡು ಬರುತ್ತೇನೆ ಎಂದು ಗುರುಮೂರ್ತಿಯವರು ಅವರು ಬರುವ ಮುಂಚೆಯೇ ತೋಟಕ್ಕೆ ಹೋಗಿದ್ದರು. "ಈಗ ಬಂದೆ" ಎಂದೇ ಹೋಗಿದ್ದರು. ತೋಟದಲ್ಲಿ ಪಕ್ಕದ ಜಮೀನಿನವನು ಸಿಕ್ಕ, ಬದುವಿನ ಮಾತು ಬಂತು, ಬದುವಿನಿಂದ ಅದು ಅವರ ತಾತಂದಿರ ಕಾಲಕ್ಕೆ ಹೋಯಿತು. ಅವರು ಇಪ್ಪತ್ತು ಎಳನೀರು ಹೊತ್ತುಕೊಂಡು ಮನೆಗೆ ಬಂದಾಗ ಹುಡುಗನ ಕಡೆಯವರು ಮೂರು ಗಂಟೆ ಕಾದು, ಹುಡುಗಿಯ ತಂದೆಯ ಮುಖವನ್ನೇ ನೋಡದೆ ಎದ್ದು ಹೋಗಿದ್ದರು.

ಹೋಗುವ ಮುಂಚೆ ಕೆಂಚಮ್ಮ ಒಂದು ಮಾತು ಬಿಟ್ಟು ಹೋಗಿದ್ದರು. "ಹುಡುಗಿ ನಮ್ಗೊಪ್ಪಿಗೆ. ಆದ್ರೆ ನಮ್ಮನೆ ನೋಡೋಕೆ ಬರೋ ದಿನ ಹುಡುಗಿ ತಂದೆ ಹೊತ್ತಿಗೆ ಸರಿಯಾಗಿ ಬರ್ಬೇಕು. ಬಂದ್ರೆ ಮಾತು ಮುಂದಕ್ಕೆ. ಇಲ್ಲಾಂದ್ರೆ ಅಲ್ಲಿಗೇ ಬಿಟ್ವಿ."

ಅವತ್ತು ಕೋಮಲಾ ಗಂಡನನ್ನು ಬೈದದ್ದು ಗುರುಮೂರ್ತಿಯವರಿಗೆ ಅಷ್ಟಾಗಿ ತಟ್ಟಲಿಲ್ಲ, ಅದು ಅಭ್ಯಾಸವಾದ ಮಳೆ. ಮಗಳು ಏನೂ ಬೈಯದೆ ಕಾಫಿ ತಂದಿಟ್ಟು, ಮುಖ ನೋಡದೆ ಒಳಗೆ ಹೋದದ್ದು ತಟ್ಟಿತು. ಅವಳಿಗೆ ಆ ಹುಡುಗ ಇಷ್ಟವಾಗಿದ್ದಾನೆ ಎಂಬುದು ತಂದೆಗೆ ಆ ಬೆನ್ನು ನೋಡಿಯೇ ತಿಳಿಯಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು.

ಹೀಗೆ ಬೆಂದುಕೊಂಡಿದ್ದವರ ಕಣ್ಣಿಗೆ ಮಗಳ ಚಾರ್ಟು ಬಿತ್ತು. ಸ್ಪೂರ್ತಿ ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದಳು. ಪಾಠ ಮಾಡಿ ತೋರಿಸುವ ದಿನಕ್ಕೆಂದು ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಾಲಾಗಿ ಏನೋ ಬರೆಯುತ್ತಿದ್ದಳು.

"ಇದೇನಮ್ಮಾ?"

"ಟೈಮಿಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳು ಅಪ್ಪಾ. ನೋಡೋಕೆ ಎಲ್ಲಾ ಒಂದೇ ಥರ, ಆದ್ರೆ ಒಂದೊಂದ್ರ ಅರ್ಥ ಬೇರೆ, ಬಳಸೋ ಜಾಗ ಬೇರೆ. 'ಇಮ್ಮಿಡಿಯೇಟ್ಲಿ' ಅಂದ್ರೆ ಮಧ್ಯದಲ್ಲಿ ಇನ್ನೊಂದು ಕೆಲಸ ಇಲ್ಲ, ಕೂತೋರು ಎದ್ದು ಮಾಡೋದು. 'ಸೂನ್' ಅಂದ್ರೆ ಸ್ವಲ್ಪ ಹೊತ್ತಲ್ಲಿ, ಮನೇಲಿ ಆಡೋ ಮಾತು. 'ಶಾರ್ಟ್ಲಿ'ನೂ ಅದೇ, ಆದ್ರೆ ಇಸ್ತ್ರಿ ಹಾಕಿದ್ದು. ರೈಲ್ವೆ ಸ್ಟೇಷನ್ನಲ್ಲಿ ಮೈಕಲ್ಲಿ ಹೇಳ್ತಾರಲ್ಲ, ಅಂಥ ಕಡೆಗೆ."

"ಈ ಉದ್ದಂದು?"

"'ಇವೆಂಚುಯಲಿ'. ನಡುವೆ ಏನೇನೋ ಆಗಿ, ಸುತ್ತಿ ಬಳಸಿ, ಕೊನೆಗೂ ಆಗೋದು. ಅದರ ಪಕ್ಕದ್ದು 'ಅಟ್ ಲಾಸ್ಟ್'."

"ಎರಡೂ ಒಂದೇ ಆಯ್ತಲ್ಲೇ."

"ಇಲ್ಲಪ್ಪಾ. ಇವೆಂಚುಯಲಿ ಅನ್ನೋದ್ರಲ್ಲಿ ಯಾರ ಸಂಕಟಾನೂ ಇಲ್ಲ, ಆಯ್ತು ಅಷ್ಟೆ. ಅಟ್ ಲಾಸ್ಟ್ ಅನ್ನೋದು ಕಾದು ಕಾದು ಸಾಕಾದೋರು."

"ನಂದು ಎರಡನೇದು ಕಣೇ" ಎಂದು ಅಡುಗೆಮನೆಯಿಂದ ಕೋಮಲಾ ಹೇಳಿದರು.

ಚಾರ್ಟಿನ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ 'ಆನ್ ಟೈಮ್' ಮತ್ತು 'ಇನ್ ಟೈಮ್' ಎಂಬ ಎರಡಿದ್ದವು. ಸ್ಪೂರ್ತಿ ಬಿಡಿಸಿ ಹೇಳಿದಳು. ಎಂಟಕ್ಕೆ ಎಂದ ಬಸ್ಸು ಎಂಟಕ್ಕೇ ಬಂದರೆ ಅದು ಆನ್ ಟೈಮ್. ನಾವು ಏದುಸಿರು ಬಿಟ್ಟುಕೊಂಡು ಓಡಿ, ಬಸ್ಸು ಹೊರಡುವುದರೊಳಗೆ ಹತ್ತಿಕೊಂಡರೆ ಅದು ಇನ್ ಟೈಮ್. ಮೊದಲನೆಯದರಲ್ಲಿ ಹೇಳಿದ ಹೊತ್ತಿಗೆ ಮರ್ಯಾದೆ, ಎರಡನೆಯದರಲ್ಲಿ ಕೆಲಸ ಕೆಡಲಿಲ್ಲ ಎಂಬ ಸಮಾಧಾನ.

ಗುರುಮೂರ್ತಿಯವರು ಬಹಳ ಹೊತ್ತು ಆ ಕೆಂಪು ಅಕ್ಷರಗಳನ್ನು ನೋಡಿದರು. ಅವರ ಜೀವಮಾನವೆಲ್ಲ ಎರಡನೆಯದರಲ್ಲೇ ಕಳೆದಿತ್ತು. ಎಲೆ ಎತ್ತುವುದರೊಳಗೆ ಊಟಕ್ಕೆ, ಹಾರ ಬಾಡುವುದರೊಳಗೆ ಮದುವೆಗೆ. ತಪ್ಪು ತಮ್ಮದಲ್ಲ, 'ಬಂದೆ' ಎಂಬ ಮಾತಿನದು ಎಂದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಎರಡು ನಿಮಿಷಕ್ಕೂ ಅದೇ, ಎರಡು ದಿನಕ್ಕೂ ಅದೇ. ಇಂಗ್ಲಿಷಿನವರು ನೋಡಿ, ಒಂದೊಂದು ಅಳತೆಗೂ ಒಂದೊಂದು ಸೇರು ಪಾವು ಇಟ್ಟಿದ್ದಾರೆ. ಅವರು ಬಾಲ್ ಪೆನ್ನು ತೆಗೆದು ಪ್ರತಿ ಪದದ ಮುಂದೆಯೂ ನಿಮಿಷ ಬರೆದರು. ಇಮ್ಮಿಡಿಯೇಟ್ಲಿ, ಎರಡು. ಶಾರ್ಟ್ಲಿ, ಹತ್ತು. ಸೂನ್, ಮೂವತ್ತು. ಲೇಟರ್, ದೀಪ ಹಚ್ಚುವುದರೊಳಗೆ. ಇವೆಂಚುಯಲಿ, ಯುಗಾದಿಯೊಳಗೆ.

"ಅಪ್ಪಾ, ಇವಕ್ಕೆ ನಿಮಿಷ ಇರಲ್ಲ" ಎಂದು ಸ್ಪೂರ್ತಿ ಹಣೆ ಹಿಡಿದುಕೊಂಡಳು.

"ಇಲ್ದೇ ಇದ್ರೆ ಇಡೋಣ. ಇವತ್ತಿಂದ ಈ ಮನೇಲಿ 'ಬಂದೆ', 'ಆಯ್ತು', 'ಇನ್ನೇನು' ಅನ್ನೋ ಮಾತು ಬಂದ್. ಹೊತ್ತಿನ ಮಾತೆಲ್ಲಾ ಇಂಗ್ಲಿಷಲ್ಲೇ ಆಗ್ಬೇಕು."

ಮುಂದಿನ ಹದಿನೈದು ದಿನ ಆ ಮನೆಯಲ್ಲಿ ನಡೆದದ್ದು ಇಂಗ್ಲಿಷರ ಆಳ್ವಿಕೆಯಲ್ಲೂ ನಡೆದಿರಲಿಕ್ಕಿಲ್ಲ. ಕೋಮಲಾ ಮೂರೇ ದಿನದಲ್ಲಿ ಹೊಸ ಕಾನೂನಿನ ಮರ್ಮ ಹಿಡಿದುಬಿಟ್ಟರು. ಕಾಫಿ ಕೇಳಿದರೆ "ಲೇಟರ್" ಎನ್ನುವರು. ಚಾರ್ಟಿನ ಪ್ರಕಾರ ದೀಪ ಹಚ್ಚುವವರೆಗೆ ಬಾಯಿ ಬಿಡುವಂತಿಲ್ಲ. ಗುರುಮೂರ್ತಿಯವರ ಪಟ್ಟಾಪಟ್ಟಿ ಚಡ್ಡಿಯ ಗುಂಡಿ ಹೊಲಿಯುವ ಕೆಲಸ ಇವೆಂಚುಯಲಿಗೆ ಹೋಯಿತು. ಪಕ್ಕದ ಮನೆಯ ಕರಿಯಮ್ಮ ತಿಂಗಳ ಹಿಂದೆ ಒಯ್ದ ಮಿಕ್ಸಿ ಜಾರು ಯಾವಾಗ ಕೊಡುತ್ತಾಳೆಂದು ಕೇಳಿದರೆ, ಅವಳೂ ಬೇಲಿ ಆಚೆಯಿಂದಲೇ "ಇವೆಂಚುಯಲಿ ಕಣಣ್ಣಾ" ಎಂದಳು. ದನದ ಡಾಕ್ಟರು ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡಿ "ಸೂನ್ ಆಗುತ್ತೆ" ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಗುರುಮೂರ್ತಿಯವರು ಫೋನು ಹಿಡಿದು ಹಸುವಿನ ಹಿಂದೆ ಮೂವತ್ತು ನಿಮಿಷ ನಿಂತರು. ಮೂವತ್ತೊಂದನೇ ನಿಮಿಷಕ್ಕೆ ಹಸು ಬಾಲದಿಂದ ಒಂದೇಟು ಕೊಟ್ಟು ಮೇವಿಗೆ ಬಾಯಿ ಹಾಕಿತು. ಸ್ಪೂರ್ತಿ ಬೇರೆ ಚಾರ್ಟು ಬರೆಯಲು ಪುರುಸೊತ್ತಿಲ್ಲದೆ ಅದನ್ನೇ ಒಯ್ದಳು. ಅವಳ ಮೇಷ್ಟ್ರು ನಿಮಿಷಗಳನ್ನು ಓದಿ, ಇದು ಇಂಗ್ಲಿಷ್ ಪಾಠವೋ ಬಸ್ ಸ್ಟ್ಯಾಂಡಿನ ಬೋರ್ಡೋ ಎಂದು ಕೇಳಿದರಂತೆ.

ಆದರೆ ಒಂದು ಮಾತು ಒಪ್ಪಬೇಕು. ಗುರುಮೂರ್ತಿಯವರು ನಿಜಕ್ಕೂ ಬದಲಾದರು. ಸಂಕಲ್ಪ ಮಾಡಿದ ಹೊಸ ಸನ್ಯಾಸಿಯ ಹಾಗೆ ಫೋನು ನೋಡಿಕೊಂಡೇ ಎದ್ದರು, ನೋಡಿಕೊಂಡೇ ಉಂಡರು. ಅದೇ ಮುಳುವಾಯಿತು. ಏಕೆಂದರೆ ಅವರು ಬದಲಾದದ್ದನ್ನು ಯಾರೂ ನಂಬಿರಲಿಲ್ಲ.

ಅಮೃತಾಪುರಕ್ಕೆ ಮನೆ ನೋಡಲು ಹೋಗುವುದು ಭಾನುವಾರ ಎಂದಾಯಿತು. ಊಟ ಮಧ್ಯಾಹ್ನ ಒಂದಕ್ಕೆ. ಕೆಂಚಮ್ಮ ಹಿಂದಿನ ಅನುಭವ ನೆನೆದು ಮಧ್ಯಸ್ಥಗಾರ ರಂಗಪ್ಪನಿಗೆ "ಹನ್ನೆರಡು ಅಂತ ಹೇಳು" ಎಂದರು. ರಂಗಪ್ಪ ಕೋಮಲಾ ಅವರ ತಮ್ಮ, ಅಜ್ಜಂಪುರದವನು, ಭಾವನ ಚರಿತ್ರೆಯೆಲ್ಲ ಬಲ್ಲವನು. ಅವನು ಅಕ್ಕನಿಗೆ ಹನ್ನೊಂದು ಎಂದ. ಅಕ್ಕ ಗಂಡನಿಗೆ ಹತ್ತು ಎಂದರು. ಇದರ ಮೇಲೆ ಗೋಡೆಯ ಮುಕ್ಕಾಲು ಗಂಟೆ ಇದ್ದೇ ಇತ್ತು. ಪ್ರತಿಯೊಬ್ಬರೂ ಒಳ್ಳೆಯದನ್ನೇ ಬಯಸಿ, ಇನ್ನೊಬ್ಬರಿಗೆ ಹೇಳದೆ ಮಾಡಿದ ಕೆಲಸ.

ಭಾನುವಾರ ಗುರುಮೂರ್ತಿಯವರು ಕತ್ತಲಿರುವಾಗಲೇ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕೂತರು. ಅವರ ಗಡಿಯಾರದಲ್ಲಿ ಏಳಾಯಿತು. ಎಲ್ಲರನ್ನೂ ಕರೆದೊಯ್ಯಬೇಕಿದ್ದ ರಂಗಪ್ಪನ ವ್ಯಾನು ಬರಲಿಲ್ಲ. ಹೆಂಡತಿ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದರು.

"ಲೇ, ಹೊರಡೋದು ಯಾವಾಗ?"

"ಸೂನ್."

ಮೂವತ್ತು ನಿಮಿಷ ಮುಗಿಯಿತು. ಕೋಮಲಾ ಅಷ್ಟರಲ್ಲಿ ಪಾತ್ರೆ ಮುಗಿಸಿ ಬಚ್ಚಲುಮನೆ ಸೇರಿದ್ದರು. ಗುರುಮೂರ್ತಿಯವರು ಬಾಗಿಲು ತಟ್ಟಿ, "ನೀನು ಕಾನೂನು ಮುರ್ದೆ ಕಣೇ. ನಾನು ಬಸ್ಸಲ್ಲಿ ಹೊರಟೆ. ನಾನು ಆನ್ ಟೈಮ್ ಇರ್ತೀನಿ, ನೀವು ಬೇಕಾದ್ರೆ ಇನ್ ಟೈಮ್ ಬನ್ನಿ" ಎಂದರು.

"ಹ್ಞೂಂ, ಹೋಗ್ಬನ್ನಿ" ಎಂದರು ಕೋಮಲಾ ತಲೆಗೆ ಸೀಗೆಪುಡಿ ಹಾಕಿಕೊಳ್ಳುತ್ತಾ. ಇಪ್ಪತ್ತೈದು ವರ್ಷದಲ್ಲಿ ಆ ಬಾಯಲ್ಲಿ 'ಹೊರಟೆ' ಎಂಬ ಮಾತು ಬಂದ ಮೇಲೆ ಆ ಮನುಷ್ಯ ಒಂದು ಗಂಟೆಯೊಳಗೆ ಹೊಸ್ತಿಲು ದಾಟಿದ್ದಿಲ್ಲ.

ಕಡೂರಿಗೆ ಬಸ್ಸು, ಅಲ್ಲಿಂದ ತರೀಕೆರೆಗೆ ಬಸ್ಸು, ಅಲ್ಲಿಂದ ಅಮೃತಾಪುರಕ್ಕೆ ಆಟೋ. ಗುರುಮೂರ್ತಿಯವರು ಕೆಂಚಮ್ಮನ ಅಂಗಳದಲ್ಲಿ ಕಾಲಿಟ್ಟಾಗ ಅವರ ಫೋನಿನಲ್ಲಿ ಒಂಬತ್ತೂ ಐವತ್ತು. ಹತ್ತು ನಿಮಿಷ ಮುಂಚೆ. ಎದೆ ಉಬ್ಬಿಸಿ ಶಲ್ಯ ಸರಿಮಾಡಿಕೊಂಡರು. ಲೋಕದ ಪ್ರಕಾರ ಆಗ ಒಂಬತ್ತೂ ಐದು.

ಅಂಗಳದಲ್ಲಿ ಬೀಗರನ್ನು ಎದುರುಗೊಳ್ಳುವ ಲಕ್ಷಣ ಯಾವುದೂ ಇರಲಿಲ್ಲ. ಹುಡುಗನ ತಂದೆ ಕಲ್ಲಪ್ಪ ಟವೆಲು ಸುತ್ತಿಕೊಂಡು, ಇನ್ನೊಬ್ಬನ ಜೊತೆ ಒಂದು ಸೋಫಾ ಹೊತ್ತು ಎದುರು ಮನೆಯಿಂದ ತಮ್ಮ ಮನೆಗೆ ಬರುತ್ತಿದ್ದರು. ಜಗಲಿಯ ಮೇಲೆ ಕೆಂಚಮ್ಮ ಊರುಗೋಲು ತೋರಿಸುತ್ತಾ, "ಹುಷಾರಾಗಿ ಕಣ್ರೋ, ಮಾಸ್ಟ್ರು ಮನೇದು, ಸಂಜೆ ವಾಪಸ್ ಕೊಡ್ಬೇಕು. ಹುಡುಗಿ ಕಡೆಯೋರು ಬಂದಾಗ ಬೆನ್ನು ಗೋಡೆ ಕಡೆ ಇರ್ಲಿ, ಹರಿದಿರೋದು ಕಾಣ್ಬಾರ್ದು" ಎನ್ನುತ್ತಿದ್ದರು. ಗುರುಮೂರ್ತಿಯವರನ್ನು ಕಂಡು, "ಬಂದ್ಯೇನಪ್ಪಾ? ಅಡುಗೆಯೋನು ಕಾಯಿ ಸುಲಿಯೋಕೆ ಒಬ್ಬನ್ನ ಕಳಿಸ್ತೀನಿ ಅಂದಿದ್ದ. ಹಿತ್ತಲಿಗೆ ನಡಿ. ಬಿಳಿ ಬಟ್ಟೆ ಯಾಕೆ ಹಾಕ್ಕಂಡ್ ಬಂದೆ?" ಎಂದರು.

"ಇಲ್ಲಮ್ಮಾ, ನಾನು ಹುಡುಗಿ ತಂದೆ. ಚೌಳಹಿರಿಯೂರು. ಗುರುಮೂರ್ತಿ."

ಕೆಂಚಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕಲ್ಲಪ್ಪಾ, ಇಲ್ಲಿ ಕೇಳೋ. ಇವ್ನು ಆ ಗುರುಮೂರ್ತಿ ಅಂತೆ. ಅಲ್ಲಪ್ಪಾ, ನಿನಗ್ಯಾರು ಹೇಳಿದ್ರು ಆ ಕಥೆನ? ಆತ ಒಂದು ಗಂಟೆ ಊಟಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬರೋ ಪೈಕಿನಾ? ನಗಿಸಿದ್ದು ಸಾಕು, ಬಿಸಿಲೇರೋದ್ರೊಳಗೆ ಸುಲಿ."

"ಒಂಬತ್ತಾ?" ಗುರುಮೂರ್ತಿಯವರು ಫೋನು ತೆಗೆದರು. ಒಂಬತ್ತೂ ಐವತ್ತೈದು. ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಗೋಡೆಯ ಮೇಲೆ ಒಂಬತ್ತೂ ಹತ್ತು. ಟಿವಿಯ ಮೂಲೆಯಲ್ಲೂ ಒಂಬತ್ತೂ ಹತ್ತು. ಆ ಕ್ಷಣದಲ್ಲಿ, ಹರಿದ ಸೋಫಾದ ಪಕ್ಕದಲ್ಲಿ ನಿಂತು, ಅವರಿಗೆ ಎಂಟರ ಬಸ್ಸು, ತ್ರೀ ಫೇಸ್ ಕರೆಂಟು ಮತ್ತು ವಾರ್ತೆಯ ಹೆಣ್ಣುಮಗಳು ಒಟ್ಟಿಗೆ ಕಣ್ಮುಂದೆ ಬಂದರು. ಇಪ್ಪತ್ತೈದು ವರ್ಷ ಸರ್ಕಾರವನ್ನು ಬೈದದ್ದೆಲ್ಲ ವಾಪಸು ಬಂದು ಎದೆ ಮೇಲೆ ಕೂತ ಹಾಗಾಯಿತು.

ಕೋಮಲಾಗೆ ಫೋನು ಮಾಡಿದರು.

"ಎಲ್ಲಿದೀರಿ?"

"ಬೀಗರ ಮನೇಲಿ. ಅಮೃತಾಪುರದಲ್ಲಿ."

"ಸುಮ್ನಿರಿ ಸಾಕು. ತೋಟದಲ್ಲಿ ನಿಂತ್ಕಂಡು ಅಮೃತಾಪುರ ಅಂತೆ. ಹೋದ ತಿಂಗಳು ಬೀರೂರು ಅಂದ್ರಿ, ಹಿಂದೆ ನಮ್ಮ ಹಸು ಕೂಗ್ತಿತ್ತು. ರಂಗ ಒಂಬತ್ತೂವರೆಗೆ ವ್ಯಾನ್ ತರ್ತಾನೆ, ಅಷ್ಟ್ರಲ್ಲಿ ಮನೆಗೆ ಬನ್ನಿ." ಫೋನು ಕಟ್ಟಾಯಿತು.

ಇಲ್ಲಿ ಗುರುಮೂರ್ತಿಯವರು ಗಟ್ಟಿಯಾಗಿ ಕೂಗಿ ಹೇಳಬಹುದಿತ್ತು. ಆದರೆ ಅವರ ತಲೆ ಬೇರೆಯೇ ಲೆಕ್ಕ ಹಾಕಿತು. ಎರವಲು ಸೋಫಾ ಹೊರುವುದನ್ನು ಹುಡುಗಿಯ ತಂದೆಯೇ ನೋಡಿದರೆಂದು ತಿಳಿದರೆ ಈ ಮುದುಕಿಗೆ ಅವಮಾನವಾದೀತು. ಅವಮಾನವಾದರೆ ಸಂಬಂಧ ಮುರಿದೀತು. ಸ್ಪೂರ್ತಿ ಮತ್ತೆ ಮುಖ ನೋಡದೆ ಕಾಫಿ ಇಡುತ್ತಾಳೆ. ಸದ್ಯಕ್ಕೆ ಕಾಯಿ ಸುಲಿಯುವವನಾಗಿ ಇದ್ದು, ಆಮೇಲೆ ಮೆಲ್ಲಗೆ ಜಾರಿ, ಒಂದಕ್ಕೆ ಸರಿಯಾಗಿ ಹುಡುಗಿ ತಂದೆಯಾಗಿ ಬಂದರಾಯಿತು. ಶಲ್ಯವನ್ನು ತಲೆಗೆ ಸುತ್ತಿ ಹಿತ್ತಲಿಗೆ ನಡೆದರು.

ನೆಲಕ್ಕೆ ನೆಟ್ಟ ಸುಲಿಗೋಲಿನ ಮುಂದೆ ಐವತ್ತು ಕಾಯಿ ಬಿದ್ದಿದ್ದವು. ಗುರುಮೂರ್ತಿಯವರು ಹೊತ್ತಿನ ವಿಷಯದಲ್ಲಿ ಹೇಗೇ ಇರಲಿ, ತೆಂಗಿನಕಾಯಿಯ ವಿಷಯದಲ್ಲಿ ಜನ್ಮಜಾತ ಪಂಡಿತರು. ಒಂದು ಕಾಯಿಗೆ ಮೂರು ತಿರುವು, ಸಿಪ್ಪೆ ಬೇರೆ, ಕಾಯಿ ಬೇರೆ. ಯಾರೂ ಹೇಳದಿದ್ದರೂ ಹೋಳಿಗೆ ಹೂರಣದ್ದನ್ನು ನುಣ್ಣಗೆ ಕೆರೆದು ಒಂದು ಕಡೆ, ತಾಂಬೂಲಕ್ಕೆ ಕೊಡುವುದನ್ನು ಜುಟ್ಟು ಬಿಟ್ಟು ಇನ್ನೊಂದು ಕಡೆ ಜೋಡಿಸಿದರು. ಕೆಂಚಮ್ಮ ಬಂದು ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆ ಕೈಯನ್ನೇ ನೋಡುತ್ತಿದ್ದರು.

"ಚೆನ್ನಾಗ್ ಸುಲಿತೀಯ ಕಣಪ್ಪಾ. ಆ ಹುಡುಗಿ ತಂದೆನೂ ತೆಂಗಿನ ತೋಟದೋನೇ ಅಂತೆ. ಏನ್ ಪ್ರಯೋಜ್ನ? ಅಂಥೋನ ಹೊಟ್ಟೇಲಿ ಅಂಥ ಬಂಗಾರದಂಥ ಹುಡುಗಿ. ನಮ್ಮ ಹುಡುಗ ಅವ್ಳನ್ನ ನೋಡ್ಕಂಡ್ ಬಂದಾಗಿಂದ ಟ್ರ್ಯಾಕ್ಟರಿಗೆ ಎಣ್ಣೆ ಬದ್ಲು ನೀರು ಹುಯ್ತಾನೆ."

"ಹಂಗಾದ್ರೆ ಒಪ್ಕಂಡ್ಬಿಡಿ ಅಮ್ಮಾ" ಎಂದರು ಗುರುಮೂರ್ತಿಯವರು, ಇನ್ನೊಂದು ಕಾಯಿಯನ್ನು ಸುಲಿಗೋಲಿಗೆ ಚುಚ್ಚುತ್ತಾ.

"ಮಾತು ಅಂದ್ರೆ ಮಾತು. ಇವತ್ತು ಒಂದು ಗಂಟೆಗೆ ಆತ ನನ್ನ ಜಗಲಿ ಮೇಲೆ ಇರ್ಬೇಕು. ಇಲ್ದಿದ್ರೆ ಊಟ ಹಾಕಿ ಕಳಿಸ್ತೀನಿ, ಅಷ್ಟೆ."

ಹತ್ತೂವರೆಗೆ ಬಾಳೆ ಎಲೆ ಸಾಲದೆಂದು ಗೊತ್ತಾಯಿತು. ತರೀಕೆರೆಗೆ ಹೋಗಿ ತರಲು ಗುರುಮೂರ್ತಿಯವರೇ ಮುಂದೆ ಬಂದರು. ಜಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಪೇಟೆಯಲ್ಲಿ ಎಲೆ ಮಾರುವಾಕೆಗೆ ಫೋನು ಕೊಟ್ಟು, "ಇದು ಮುಕ್ಕಾಲು ಗಂಟೆ ಮುಂದಿದೆಯಮ್ಮಾ, ಸರಿ ಮಾಡ್ಕೊಡು" ಎಂದರು. ಆಕೆ ಎರಡು ಗುಂಡಿ ಒತ್ತಿ ಸರಿ ಮಾಡಿಕೊಟ್ಟಳು. ಜೀವಮಾನದಲ್ಲಿ ಮೊದಲ ಬಾರಿಗೆ ಗುರುಮೂರ್ತಿಯವರ ಜೇಬಿನಲ್ಲಿ ಲೋಕದ ಸಮಯ ಕೂತಿತು. ಅವರು ನಲ್ಲಿಯಲ್ಲಿ ಮುಖ ತೊಳೆದು, ನಾರು ಕೊಡವಿ, ಹಳೆ ಅಂಗಿಯ ಮೇಲೆ ಹೊಸದೊಂದು ಕೊಂಡು ಹಾಕಿಕೊಂಡು, ಹೋಟೆಲಿನಲ್ಲಿ ಕೂತರು.

ತಪ್ಪಾದದ್ದು ಅಲ್ಲಿ. ಬೆಳಗಿನ ಪೆಟ್ಟು ಅವರ ತಲೆಯಲ್ಲಿ ಇನ್ನೂ ಹಸಿಯಾಗಿತ್ತು. ಫೋನು ನೋಡಿದಾಗಲೆಲ್ಲ, ಇದು ಮೋಸದ ಫೋನು, ಮುಕ್ಕಾಲು ಗಂಟೆ ಕಳೆಯಬೇಕು ಎಂದು ಮನಸ್ಸು ತಾನಾಗಿಯೇ ಕಳೆಯುತ್ತಿತ್ತು. ಸರಿ ಮಾಡಿಸಿದ್ದು ನೆನಪಿಗೇ ಬರಲಿಲ್ಲ. ಫೋನಿನಲ್ಲಿ ಹನ್ನೆರಡೂವರೆ ಆದಾಗ ಅವರು ಹನ್ನೊಂದೂಮುಕ್ಕಾಲು ಎಂದುಕೊಂಡು ಒಂದು ಮಸಾಲೆ ವಡೆ ಹೇಳಿದರು. ಒಂದಾದಾಗ ಹನ್ನೆರಡೂಕಾಲು ಎಂದುಕೊಂಡು, ಇನ್ನು ಹೊರಟರೆ ಸರಿ ಎಂದು ಎಲೆಯ ಕಟ್ಟು ಹೆಗಲಿಗೇರಿಸಿದರು. ಅಷ್ಟರಲ್ಲಿ ಕೋಮಲಾ ಎಂಟು ಸಲ ಫೋನು ಮಾಡಿದ್ದರು. ತಮ್ಮನ್ನು ನಂಬದವರ ಫೋನು ಎತ್ತಬಾರದೆಂದು ಅವರು ಎತ್ತಲಿಲ್ಲ.

ಅಮೃತಾಪುರದಲ್ಲಿ ಆಟೋ ಇಳಿದಾಗ ಒಂದೂ ಮೂವತ್ತೈದು. ಗುರುಮೂರ್ತಿಯವರ ಲೆಕ್ಕದಲ್ಲಿ ಹನ್ನೆರಡೂ ಐವತ್ತು. ಮದುವಣಿಗನ ಗತ್ತಿನಲ್ಲಿ ಅಂಗಳಕ್ಕೆ ಬಂದರು.

ಸೋಫಾದ ಮೇಲೆ ಕೋಮಲಾ, ಸ್ಪೂರ್ತಿ ಮತ್ತು ರಂಗಪ್ಪ ಸಾಲಾಗಿ ತಲೆ ತಗ್ಗಿಸಿ ಕೂತಿದ್ದರು. ಎದುರಿಗೆ ಕೆಂಚಮ್ಮ. ಬಾಗಿಲಿಗೆ ಒರಗಿ ಶಿವಕುಮಾರ್, ಮುಖ ಸಣ್ಣದಾಗಿತ್ತು. ಮಾತು ಆಗಲೇ ಮುಗಿದಿತ್ತು. ಕೆಂಚಮ್ಮ ಇವರನ್ನು ಕಂಡು, "ಎಲೆ ತರೋಕೆ ಮೂರು ಗಂಟೆ ಬೇಕೇನಪ್ಪಾ? ಹೋಗ್ಲಿ, ಒಳಗೆ ಹಾಸು. ಊಟ ಮಾಡಿ ಇವ್ರು ಹೊರಡ್ತಾರೆ. ಹುಡುಗಿ ತಂದೆ ಬರ್ಲಿಲ್ಲ" ಎಂದರು.

ಕೋಮಲಾ ಎದ್ದು ನಿಂತರು. "ಇವ್ರು ನಮ್ಮೆಜಮಾನ್ರು" ಎಂದರು, ಬಹಳ ಮೆಲ್ಲಗೆ.

ಕಲ್ಲಪ್ಪನವರು ಸೋಫಾ ನೋಡಿದರು, ಗುರುಮೂರ್ತಿಯವರನ್ನು ನೋಡಿದರು, ಒಳಗೆ ಹೋಗಿಬಿಟ್ಟರು.

"ಬೆಳಿಗ್ಗೆ ಒಂಬತ್ತಕ್ಕೇ ಬಂದು ಕಾಯಿ ಸುಲಿದೋನು ನೀನೇ" ಎಂದರು ಕೆಂಚಮ್ಮ. 'ನೀನು' ಎಂದದ್ದು ನೆನಪಾಗಿ, "ನೀವೇ" ಎಂದು ತಿದ್ದಿದರು. "ಒಂದು ಗಂಟೆ ಊಟಕ್ಕೆ ಒಂಬತ್ತಕ್ಕೆ ಯಾಕ್ ಬಂದ್ರಿ?"

"ಹತ್ತಕ್ಕೆ ಅಂತ ಹೇಳಿದ್ರು."

ಎಲ್ಲರೂ ಕೋಮಲಾ ಕಡೆ ತಿರುಗಿದರು. "ರಂಗ ಹನ್ನೊಂದು ಅಂದ. ನಾನು ಒಂದು ಗಂಟೆ ಜಾಸ್ತಿ ಇರ್ಲಿ ಅಂತ" ಎಂದರು ಅವರು. ರಂಗಪ್ಪ ಕೆಮ್ಮಿದ. "ಅಜ್ಜಿ ಹನ್ನೆರಡು ಅಂದಿದ್ರು. ಭಾವನ ವಿಷ್ಯ ಗೊತ್ತಲ್ಲ, ನಾನೂ ಒಂದು ಸೇರಿಸ್ದೆ." ಕೆಂಚಮ್ಮ ಊರುಗೋಲು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ನಾನೂ ಒಂದು ಸೇರಿಸಿದ್ದೆ" ಎಂದು ಒಪ್ಪಿಕೊಂಡರು. ಕೊನೆಗೆ ಸ್ಪೂರ್ತಿ, ತಲೆ ಎತ್ತದೆ, "ಫೋನು ಮುಕ್ಕಾಲು ಗಂಟೆ ಮುಂದಿಟ್ಟಿದ್ದು ನಾನು" ಎಂದಳು.

"ಅದನ್ನ ಸರಿ ಮಾಡಿಸ್ದೆ ಕಣಮ್ಮಾ, ತರೀಕೆರೇಲಿ" ಎಂದರು ಗುರುಮೂರ್ತಿಯವರು ಹೆಮ್ಮೆಯಿಂದ. ಹೇಳುತ್ತಾ ಹೇಳುತ್ತಾ ಫೋನು ನೋಡಿದರು. ಒಂದೂ ನಲವತ್ತು. ಹೆಗಲ ಮೇಲಿನ ಎಲೆಯ ಕಟ್ಟು ಮೆಲ್ಲಗೆ ಜಾರಿ ನೆಲ ಮುಟ್ಟಿತು.

ಈಗ ಆ ಜಗಲಿಯ ಮೇಲೆ ಒಂದು ದೊಡ್ಡ ವ್ಯಾಜ್ಯ ಹುಟ್ಟಿತು. ಹುಡುಗಿಯ ತಂದೆ ಹೊತ್ತಿಗೆ ಬಂದದ್ದೋ, ಬರಲಿಲ್ಲವೋ? ಒಂಬತ್ತಕ್ಕೇ ಬಂದಿದ್ದಾರೆ, ನಾಲ್ಕು ಗಂಟೆ ಜಮೆ ಇದೆ ಎಂದ ರಂಗಪ್ಪ. ಒಂದಕ್ಕೆ ಇರಲಿಲ್ಲ, ಹಾಗಾಗಿ ಜಮೆಯೆಲ್ಲ ವಜಾ ಎಂದರು ಒಳಗಿನಿಂದ ಕಲ್ಲಪ್ಪ. ಬಂದವರನ್ನು ಕಳಿಸಿದ್ದು ನಮ್ಮವರೇ ಅಲ್ಲವಾ ಎಂದ ಶಿವಕುಮಾರ್. ಅವನು ಆ ಮನೆಯಲ್ಲಿ ಅಜ್ಜಿಯ ಎದುರು ಆಡಿದ ಮೊದಲ ಮಾತು ಅದು, ಆಡಿ ಅವನೇ ಬೆವತ. ಗುರುಮೂರ್ತಿಯವರು ಏನೂ ವಾದಿಸಲಿಲ್ಲ. "ತಪ್ಪು ನಂದು ಅಮ್ಮಾ. ಹುಡುಗಿದಲ್ಲ. ನನ್ನಿಂದ ಅವ್ಳಿಗೆ ಬೇಜಾರು ಮಾಡ್ಬೇಡಿ" ಎಂದಷ್ಟೇ ಹೇಳಿ ಕೈ ಮುಗಿದರು.

ಕೆಂಚಮ್ಮ ಎದ್ದು ಹಿತ್ತಲಿಗೆ ಹೋಗಿ, ಜುಟ್ಟು ಬಿಟ್ಟು ಸುಲಿದ ಒಂದು ಕಾಯಿ ತಂದು, ಎಲ್ಲರಿಗೂ ಕಾಣುವಂತೆ ತಿರುಗಿಸಿ ನೋಡಿದರು. "ಐವತ್ತು ಕಾಯಿ. ಒಂದ್ರ ಕರಟಾನೂ ಬಿರುಕು ಬಿಟ್ಟಿಲ್ಲ. ಬೀಗರಾಗಿ ಬರೋ ದಿನ ನಮ್ಮ ಹಿತ್ತಲಲ್ಲಿ ಕೂತು ಸುಲಿದೋರನ್ನ ನಾನು ಊಟ ಹಾಕಿ ಕಳಿಸಿದ್ರೆ ಊರು ನನ್ನ ಉಗಿಯುತ್ತೆ. ಸೋಫಾ ವಿಷ್ಯ ಹೆಂಗೂ ನೋಡಿಬಿಟ್ರಿ, ಇನ್ನು ಮುಚ್ಚಿಡೋದು ಏನಿದೆ?" ಆ ಕಾಯಿಯನ್ನು ಸ್ಪೂರ್ತಿಯ ಸೆರಗಿಗೆ ಹಾಕಿದರು. "ಈ ಹುಡುಗಿ ನಮ್ಮನೇದು."

ಸ್ಪೂರ್ತಿ ತಂದೆಯ ಕಡೆ ತಿರುಗಿ, ನೇರವಾಗಿ ಮುಖ ನೋಡಿ ನಕ್ಕಳು. ಗುರುಮೂರ್ತಿಯವರಿಗೆ ಅಷ್ಟು ಜನರೆದುರು ಕಣ್ಣು ತುಂಬಿತು. ಅವರು ಅದನ್ನು ಮರೆಮಾಚಲೂ ಇಲ್ಲ, ಹೊಸ ಅಂಗಿಯ ತೋಳಿನಲ್ಲಿ ಒರೆಸಿಕೊಂಡರು.

ಊಟವಾಯಿತು. ಕಾಯಿ ಹೋಳಿಗೆಗೆ ತುಪ್ಪ ಬಿತ್ತು. ಪಂಚಾಂಗ ನೋಡಿ, ಬರುವ ತಿಂಗಳ ಹನ್ನೆರಡಕ್ಕೆ ನಿಶ್ಚಿತಾರ್ಥ, ಇದೇ ಮನೆಯಲ್ಲಿ ಎಂದಾಯಿತು. ಗುರುಮೂರ್ತಿಯವರು ಕೈ ತೊಳೆದುಕೊಂಡು ಬಂದು, ಫೋನು ಕೈಯಲ್ಲಿ ಹಿಡಿದು, ಬಹಳ ಜವಾಬ್ದಾರಿಯ ದನಿಯಲ್ಲಿ ಕೇಳಿದರು.

"ಎಷ್ಟು ಗಂಟೆಗೆ?"

ರಂಗಪ್ಪ ಕೋಮಲಾ ಕಡೆ ನೋಡಿದ. ಕೋಮಲಾ ಕೆಂಚಮ್ಮನ ಕಡೆ ನೋಡಿದರು. ಶಿವಕುಮಾರ್ ಸ್ಪೂರ್ತಿಯ ಕಡೆ, ಸ್ಪೂರ್ತಿ ನೆಲದ ಕಡೆ.

"ಅದೆಲ್ಲಾ ನಿಮಗ್ಯಾಕೆ ಬೀಗರೇ" ಎಂದರು ಕೆಂಚಮ್ಮ ಕೊನೆಗೆ, ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದಕ್ಕೆ ತಳ್ಳುತ್ತಾ. "ನೀವು ಹಿಂದಿನ ದಿನಾನೇ ಬಂದ್ಬಿಡಿ. ಇನ್ನೂರು ಕಾಯಿ ಸುಲಿಯೋದಿದೆ."